ಕಂದಲಿ ದಾಟಿದ ಮೇಲೆ

ನಿಲ್ಲುವುದಿದ್ದರೆ ಎಲ್ಲಾದರೂ ನಿಲ್ಲಬಹುದಿತ್ತು,
ಮಂಡಿಯ ಗೇಟಿನಲ್ಲಿ, ಬಂಕಿನ ಬಾಯಲ್ಲಿ.
ಇಲ್ಲ. ಕಂದಲಿ ದಾಟಿ ಎರಡು ಮೈಲಿ,
ಬಲಕ್ಕೊಂದು ಗೋಣಿಮರ, ಎಡಕ್ಕೆ ನಿಂಗಾಜಮ್ಮನ ಟೀ ಅಂಗಡಿ,
ಅಲ್ಲೇ, ಎರಡು ಸಲ ಕೆಮ್ಮಿ,
ಆಫ್.

ತೊಂಬತ್ತೆಂಟರ ಟೂ ನಾಟ್ ಸೆವೆನ್.
ಹಿಂದೆ ಮೂವತ್ತು ಮೂಟೆ ಆಲೂಗಡ್ಡೆ,
ಜೇಬಿನಲ್ಲಿ ಸಕಲೇಶಪುರದ ಸಾಹುಕಾರನ ಬೈಗುಳ.
ಒಂದು ಟೀ ಕುಡಿದು ಬರುವುದರೊಳಗೆ
ಏನೂ ಆಗೇ ಇಲ್ಲವೆಂಬಂತೆ ಸ್ಟಾರ್ಟು, ಕಳ್ಳಗಾಡಿ!

ಬಿ.ಎಂ. ರೋಡಿನ ತಮ್ಮೇಗೌಡ ಫಿಲ್ಟರ್ ಬದಲಿಸಿದ.
ಅವನ ಭಾಮೈದ ಪಂಪೇ ಹೋಗಿದೆ ಅಂದ, ನಾಲ್ಕು ಸಾವಿರ.
ನನ್ನವಳು ನಿಂಬೆಹಣ್ಣು ಬದಲಿಸಿದಳು.
ಮಾರನೆ ದಿನವೂ ಅದೇ ಗೋಣಿಮರ, ಅದೇ ನೆರಳು,
"ಇವತ್ತೂ ಕೆಟ್ಟಿತಾ?" ಅನ್ನುತ್ತ ನಿಂಗಾಜಮ್ಮ
ನಾನು ಹೇಳುವ ಮೊದಲೇ ಶುಂಠಿ ಜಜ್ಜುವಳು.

ಕೊನೆಗೆ ಪೆನ್ಷನ್ ಮೊಹಲ್ಲಾದ ಖಲಂದರ್ ಸಾಬರು.
ಬಾನೆಟ್ ಮುಟ್ಟಲಿಲ್ಲ.
"ನಿಂತಾಗ ಮುಚ್ಚಳ ತೆಗೆದು ನೋಡಿದ್ಯಾ?"
ಯಾವ ಮುಚ್ಚಳ?
ನಕ್ಕು, ಪಕ್ಕದ ಸೀಟಿಗೆ ಹತ್ತಿ ಕೂತರು.

ಗೋಣಿಮರ. ಕೆಮ್ಮು. ಆಫ್.
ಸಾಬರು ಇಳಿದು, ಲುಂಗಿ ಮೇಲೆ ಕಟ್ಟಿ
ಟ್ಯಾಂಕಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು "ನೋಡಿಲ್ಲಿ" ಅಂದರು.
ಬೀಡಿ ಎಳೆಯುವ ಮುದುಕನ ಕೆನ್ನೆಯ ಹಾಗೆ
ತಗಡು ಒಳಕ್ಕೆ ಹೋಗಿತ್ತು.
ಮುಚ್ಚಳ ತಿರುಗಿಸಿದ್ದೇ
ಸ್‌ಸ್‌ಸ್—
ಗಾಳಿ ಹೋಯಿತು, ಒಳಗೆ, ಹೊರಗಲ್ಲ.
ಟಪ್ಪೆಂದು ಕೆನ್ನೆ ತುಂಬಿಕೊಂಡಿತು.

"ಒಂದು ಲೋಟ ಡೀಸೆಲ್ ಹೋದರೆ
ಒಂದು ಲೋಟ ಗಾಳಿ ಬರಬೇಕಲ್ಲಪ್ಪ.
ಬರೀ ಕೊಡು ಕೊಡು ಅಂದರೆ ಎಲ್ಲಿಂದ ಕೊಟ್ಟೀತು?"

ಟ್ಯಾಂಕಿನ ನೆತ್ತಿಯ ಸಣ್ಣ ಕೊಳವೆ,
ಅದರ ಬಾಯಿಗೆ ಕೆಮ್ಮಣ್ಣಿನ ಬಿರಡೆ.
ಕ್ಲಚ್ ವೈರಿನ ಒಂದೆಳೆ ತೂರಿಸಿ ಮೀಟಿದರೆ
ಮಣ್ಣೊಳಗೊಂದು ಕೋಣೆ, ಕೋಣೆಯಲ್ಲಿ
ಬುತ್ತಿಯಂತೆ ಮಡಿಸಿಟ್ಟ ಎರಡು ಹಸಿರು ಹುಳ,
ಪಕ್ಕದಲ್ಲಿ ಇನ್ನೂ ಕಣ್ಣು ಮೂಡದ ಕಡಜದ ಮರಿ.

ನನ್ನ ನಾಲ್ಕು ಸಾವಿರ ಮರೆತೇಹೋಯಿತು.
ಯಾವ ಗದ್ದೆಯ ಬದುವಿನಿಂದ, ಎಷ್ಟು ಸಲ ಹಾರಿ
ತಂದು ಮೆತ್ತಿದಳೋ ಆ ತಾಯಿ,
ದಿನಾ ಊರು ಬದಲಿಸುವ ಗೋಡೆಗೆ!
ಸಾಬರು ಅದನ್ನು ಬೀಡಿ ಕಟ್ಟಿನ ಕಾಗದದಲ್ಲಿಟ್ಟು
ಗೋಣಿಮರದ ಪೊಟರೆಗೆ ಸೇರಿಸಿದರು.
ಉಳಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಕೊಳವೆಯ ಬಾಯಿಗೆ ಟೀ ಸೋಸುವ ಹಳೇ ಜಾಲರಿಯ ಚೂರು ಕಟ್ಟಿ
"ನೂರೈವತ್ತು ಕೊಡು. ಬುದ್ಧಿಗೆ ನೂರು, ಜಾಲರಿಗೆ ಐವತ್ತು."
"ಜಾಲರಿ ನಂದು" ಅಂದಳು ನಿಂಗಾಜಮ್ಮ.

ಮಾರನೆ ದಿನ ಕಂದಲಿ ದಾಟಿದೆ.
ಗೋಣಿಮರ ಬಂತು.
ಹೋಯಿತು.
ಕೆಮ್ಮಿಲ್ಲ, ಏನಿಲ್ಲ, ಎಣ್ಣೆ ಹಚ್ಚಿದಂತೆ ಓಟ.
ಕನ್ನಡಿಯಲ್ಲಿ ಅಂಗಡಿ ಸಣ್ಣದಾಗುತ್ತಿತ್ತು,
ಶುಂಠಿಯ ಮೇಲೆ ಎತ್ತಿದ ಗುಂಡುಕಲ್ಲು
ಎತ್ತಿದಂತೆಯೇ.

ಅರ್ಧ ಫರ್ಲಾಂಗು ರಿವರ್ಸ್ ಬಂದೆ.
"ಮತ್ತೆ ಕೆಟ್ಟಿತಾ?"
"ಹೂಂ" ಅಂದೆ.
ಇಳಿದು, ಬಾನೆಟ್ಟನ್ನೂ ಎತ್ತಿಟ್ಟೆ.