ಮೀನಖಂಡ

ಮೂರನೇ ಗಂಟೆಗೆ ಸರಿಯಾಗಿ ಬರುತ್ತದೆ ಅದು.
ಗಡಿಯಾರ ನೋಡಬೇಕಿಲ್ಲ.
ಮೊದಲು ಹೆಬ್ಬೆರಳು ಮೇಲಕ್ಕೆ ತಿರುಗುತ್ತದೆ, ತನ್ನಷ್ಟಕ್ಕೆ,
ಆಮೇಲೆ ಎಡಗಾಲಿನ ಮೀನಖಂಡ
ಕಲ್ಲಾಗುತ್ತದೆ.

ಈ ಹೆಸರಿಟ್ಟವರು ಯಾರೋ, ತಿಳಿದವರೇ.
ನೀರು ಬಸಿದ ಕೆರೆಯಲ್ಲಿ
ಕೊನೆಯ ಮೀನು ಹೊರಳುವುದನ್ನು
ಹತ್ತಿರ ಕೂತು ನೋಡಿರಬೇಕು.

ಮೂರು ಲೀಟರ್ ಇನ್ನೂರು, ಇವತ್ತು ತೆಗೆಯುವ ಲೆಕ್ಕ.
ನಾಮಕರಣದ ಮನೆಯಲ್ಲಿ ಎರಡು ಸಲ ಸಾರು ಕುಡಿದಿದ್ದೆ.
ಯಂತ್ರಕ್ಕೆ ಗೊತ್ತಾಗಿದೆ, ಹೆಂಡತಿಗೆ ಇಲ್ಲ.

ಇಪ್ಪತ್ತೊಂಬತ್ತು ವರ್ಷ ನೀರು ಬಿಟ್ಟವನು ನಾನು,
ಶ್ರೀರಾಮಪುರ, ಓಕಳಿಪುರ, ರೈಲ್ವೆ ಗೋಡೆಯ ಹಿಂದಿನ ಸಂದುಗಳಿಗೆ.
ಬೆಳಗಿನ ನಾಲ್ಕಕ್ಕೆ ಹೆಗಲ ಮೇಲೆ ಕಬ್ಬಿಣದ ಉದ್ದ ಕೀಲಿ,
ನಾಯಿಗಳಿಗೆಲ್ಲ ನನ್ನ ಹೆಜ್ಜೆ ಗೊತ್ತು.
"ವಾಲ್‌ಮನ್ ಮುನಿಕೆಂಪಣ್ಣ, ಇನ್ನೊಂದು ಹತ್ತು ನಿಮಿಷ ಬಿಡಪ್ಪಾ"
ಬಿಂದಿಗೆ ಸಾಲಿನ ಕೊನೆಯಿಂದ ಕೂಗು.
ಈಗ ನನಗೆ ದಿನಕ್ಕೆ ಮುಕ್ಕಾಲು ಲೀಟರ್,
ಮಾತ್ರೆ ನುಂಗುವ ಗುಟುಕೂ ಸೇರಿ.

ಗುರುವಾರ ಮಾತ್ರ ಬರುತ್ತಾರೆ ನಿಖತ್ ಮೇಡಂ,
ಕೈಯಲ್ಲಿ ಹೊಲಿಗೆ ಡಬ್ಬಿಯಂಥದೊಂದು ಪೆಟ್ಟಿಗೆ.
"ಮಾಡಿ ನೋಡಿ, ನಷ್ಟವೇನಿಲ್ಲ" ಅಂದಿದ್ದರು ದೊಡ್ಡ ಡಾಕ್ಟರು
ಅವರಿಗೆ, ನನ್ನ ತಲೆಯ ಮೇಲಿಂದ.
ಪಕ್ಕದ ಮಂಚದ ಅರುಳಪ್ಪನಿಗೆ ನಗು:
"ವಾರಕ್ಕೆ ಆರು ಸೂಜಿ ಸಾಲದಾ ಅಣ್ಣಾ?"

ಇದು ಆ ಸೂಜಿಯಲ್ಲ.
ತೋಳಿಗೆ ಹೋಗುವುದು ಗೋಣಿ ಹೊಲಿಯುವ ದಬ್ಬಳ,
ಇದು ಬೆಕ್ಕಿನ ಮೀಸೆ.
ಮಂಡಿಯ ಕೆಳಗೆ, ಹೊರಬದಿಗೆ, ಮೂಳೆಯ ಪಕ್ಕದ ತಗ್ಗನ್ನು
ಹೆಬ್ಬೆರಳಲ್ಲಿ ತಡಕಿ
"ಚೀನಾದವರು ಇದನ್ನ ಬಿಸಿಲುದಿಬ್ಬದ ಬುಗ್ಗೆ ಅಂತಾರೆ" ಎಂದರು.
ಬುಗ್ಗೆ! ನನ್ನ ಕಾಲಲ್ಲಿ!
ಟ್ಯಾಂಕರ್‌ನವರಿಗೆ ಹೇಳಬೇಡಿ ಮೇಡಂ.

ಅವರು ನಗಲಿಲ್ಲ. ಸೂಜಿ ತಿರುಗಿಸುತ್ತಿದ್ದರು,
ಕಾಲು ಸುತ್ತು, ಬಿಟ್ಟು, ಮತ್ತೆ ಕಾಲು ಸುತ್ತು,
ತಲೆ ಒಂದು ಕಡೆಗೆ ವಾಲಿಸಿ.
ಆ ವಾಲು ನನಗೆ ಗೊತ್ತು.
ನೆಲದಡಿ ಸೋರುವ ಪೈಪು ಹುಡುಕುವಾಗ
ಸಲಾಕೆಯ ಒಂದು ತುದಿ ಮಣ್ಣಿಗೆ, ಇನ್ನೊಂದು ಕಿವಿಗೆ ಕೊಟ್ಟು
ಹಾಗೇ ನಿಲ್ಲುತ್ತಿದ್ದೆವು ನಾವು, ಉಸಿರು ಹಿಡಿದು.
ಹಾಲಿನ ಸೈಕಲ್ಲಿನವನು ಹುಚ್ಚರೆಂದುಕೊಂಡು ಹೋಗುತ್ತಿದ್ದ.

"ಏನಾದ್ರೂ ಬಂತಾ?"
ಬಂತು. ನೋವಲ್ಲ.
ಭಾರವಾದ್ದೇನೋ ಹಿಮ್ಮಡಿಯ ತನಕ ಉರುಳಿತು,
ಒಣಗಿದ ಪೈಪಿನಲ್ಲಿ ನೀರಿಗಿಂತ ಮುಂಚೆ
ಗಾಳಿ ಬರುವ ಹಾಗೆ.

"ಸಿಕ್ತು"
ಇಬ್ಬರೂ ಒಟ್ಟಿಗೆ ಅಂದೆವು.

ಆ ದಿನ ಮೂರನೇ ಗಂಟೆ ಸುಮ್ಮನೆ ದಾಟಿತು.
ಮುಂದಿನ ಗುರುವಾರವೂ.
ಅದರ ಮುಂದಿನದು ದಾಟಲಿಲ್ಲ, ಅವ್ವಾ ಎಂದು ಕೂಗಿಕೊಂಡೆ,
ಸಿಸ್ಟರ್ ಬಿನ್ಸಿ ಓಡಿ ಬಂದು ಪಾದ ಹಿಂದಕ್ಕೆ ಒತ್ತಿ ಹಿಡಿದರು,
ನಳಿಕೆಗೆ ಉಪ್ಪುನೀರು ಬಿಟ್ಟರು.
ನಿಖತ್ ಮೇಡಂ ತಮ್ಮ ಪುಸ್ತಕದಲ್ಲಿ ಅದನ್ನೂ ಬರೆದುಕೊಂಡರು,
ಪೆನ್ಸಿಲ್ಲಿನಲ್ಲಲ್ಲ, ಪೆನ್ನಲ್ಲಿ.
ಅವರ ಮೇಲೆ ನಂಬಿಕೆ ಬಂದದ್ದು ಆಗ.

ಸೂಜಿ ತೆಗೆದ ಮೇಲೆ ಹತ್ತಿ ಒತ್ತಿ ಹಿಡಿಯಬೇಕು, ತುಂಬ ಹೊತ್ತು.
ರಕ್ತ ತೆಳುವಾಗಿರುತ್ತದೆ, ಸಾಸಿವೆಯಷ್ಟು ತೂತೂ
ಬೇಗ ಮುಚ್ಚುವುದಿಲ್ಲ.
ಒತ್ತಿ ಹಿಡಿದೇ ಏನೇನೋ ಹೇಳುತ್ತಾರೆ:
ಮಗಳ ಗಣಿತದ ಪರೀಕ್ಷೆ,
ಟ್ಯಾನರಿ ರೋಡಿನಲ್ಲಿ ತಪ್ಪಿದ ಬಸ್ಸು,
ಕೆಳಮನೆಯವರ ಸಂಪು ತುಂಬಿ ಹರಿದದ್ದು.
ಅವರ ಬೀದಿಯ ವಾಲ್ವು ಎಲ್ಲಿದೆ ಅಂತ ನನಗೆ ಗೊತ್ತು.
ಹೇಳಲಿಲ್ಲ ಇನ್ನೂ.

ಸಂಜೆ. ನಮ್ಮ ಬೀದಿಗೆ ಇವತ್ತು ನೀರಿನ ದಿನ.
ಹೆಂಡತಿ ಡ್ರಮ್ಮು ತೊಳೆದಿಟ್ಟು ಕಾಯುತ್ತಿದ್ದಾಳೆ,
ಹೊಸ ಹುಡುಗ ಯಾವಾಗಲೂ ತಡ.
ನಾನು ಮೆಟ್ಟಿಲ ಮೇಲೆ ಕೂತು
ಎಡಗೈ ಮಣಿಕಟ್ಟನ್ನು ಕಿವಿಗೆ ಒತ್ತಿಕೊಂಡಿದ್ದೇನೆ.
ಕೊಯ್ದು ಹೊಲಿದು ಕೂಡಿಸಿದ ನರದೊಳಗೆ
ಸರ್ರನೆ ಓಡುತ್ತಿದೆ, ಸೋರಿಲ್ಲ ಎಲ್ಲೂ.

"ಬಂತೇನ್ರೀ?" ಒಳಗಿಂದ ಕೇಳುತ್ತಾಳೆ.
ತಡಿ, ಅನ್ನುತ್ತೇನೆ.
ಗಾಳಿ ಬರ್ತಾ ಇದೆ.