ಯಾವ ಮಾತಿನ ಹ್ಞೂಂ

ಪಾಲಿಟೆಕ್ನಿಕ್ಕಿನ ಗಣಿತ ಲ್ಯಾಬಿನಲ್ಲಿ, ಬೀರುವಿನ ತಳದಲ್ಲಿ,
ಯಾರೋ ಎಂದೋ ದಾನ ಕೊಟ್ಟು ಮರೆತ
ಗ್ರಾಫ್ ಬಿಡಿಸುವ ಕ್ಯಾಲ್ಕುಲೇಟರು, ಐದು.
ಒಂದರ ಹೊಟ್ಟೆಯಲ್ಲಿ ಬ್ಯಾಟರಿ ಒಡೆದು ಹಸಿರು ಉಪ್ಪು.
ಉಳಿದ ನಾಲ್ಕು ಕಣ್ಣು ಬಿಟ್ಟವು.
ಸಿಲೆಬಸ್ಸಿನಾಗ ಇಲ್ಲ, ಒಯ್ಯಿರಿ ಅಂದರು ಸರ್,
ರಿಜಿಸ್ಟರಿಗೆ ಮಾತ್ರ ಸಹಿ ಹಾಕ್ರಿ.

ತೊಂಬತ್ತಾರು ಚುಕ್ಕಿ ಅಗಲ, ಅರವತ್ನಾಲ್ಕು ಎತ್ತರ.
ಅಷ್ಟರಲ್ಲೇ ರಾಯಚೂರು ಹಿಡಿಸಬೇಕು:
ಕೋಟೆಯ ಎರಡು ಸುತ್ತು, ನಡುವೆ ಓಣಿ,
ಓಡುವ ನಾಲ್ಕು ಚುಕ್ಕಿ. ಮುಟ್ಟಾಟ.
ಮುಟ್ಟಿಸಿಕೊಂಡವರು ಕಳ್ಳ.

ತೀನ್ ಕಂದೀಲಿನ ಮೊಬೈಲ್ ರಿಪೇರಿ ಖಾಸಿಂ ಚಾಚಾ
ಸತ್ತ ಇಯರ್‌ಫೋನು ಒಂದು ಹಿಡಿ ಕೊಟ್ಟ,
ದುಡ್ಡು ಬೇಡ, ಆದ ಮೇಲೆ ನನಗೂ ಒಂದು ಆಟ ಅಂದ.
ಹಲ್ಲಿನಲ್ಲಿ ಸಿಪ್ಪೆ ಸುಲಿದರೆ ಒಳಗೆ
ಕೂದಲಿನಂಥ ಮೂರು ಎಳೆ: ಕೆಂಪು, ಬಿಳಿ, ಬರೀ ತಾಮ್ರ.

ಈ ಯಂತ್ರಕ್ಕೆ ಇರುವ ಮಾತು ಇಷ್ಟೇ.
ಕೆಂಪು ಜಗ್ಗಿ ಇಳಿಸಿದರೆ ಸೊನ್ನೆ,
ಬಿಳಿ ಜಗ್ಗಿದರೆ ಒಂದು.
ಕೇಳಿಸಿಕೊಂಡವನು ಉಳಿದ ಎಳೆ ಜಗ್ಗಬೇಕು,
ಆಗ ಇವನು ಬಿಡಬೇಕು, ಆಮೇಲೆ ಅವನು.
ಒಂದೊಂದು ಸೊನ್ನೆಗೂ ಒಂದೊಂದು ಹ್ಞೂಂ.

ಓದುತ್ತಿದ್ದಂತೆ ನಗು ಬಂತು.
ಬ್ಯಾಸಿಗೆ ರಾತ್ರಿ ಮಾಳಿಗೆಯ ಮೇಲೆ
ತಂಗಿ ಬಸಲಿಂಗಿಗೆ ಕತೆ ಹೇಳುವವಳು ನಾನೇ.
ಹ್ಞೂಂ ಅನ್ನದಿದ್ದರೆ
ರಾಜ ಕುದುರೆ ಇಳಿಯುವುದಿಲ್ಲ,
ಒಂದು ಕಾಲು ರಿಕಾಪಿನಲ್ಲಿ, ಒಂದು ಗಾಳಿಯಲ್ಲಿ.

ಇಬ್ಬರಿಗೆ ಆಟ ಸಲೀಸು.
ನಾಲ್ವರನ್ನು ಒಂದೇ ಗಂಟಿಗೆ ಬೆಸೆದ ದಿನ
ಎರಡೂ ಎಳೆ ಒಟ್ಟಿಗೆ ಕೆಳಗೆ,
ಎಲ್ಲರದೂ ಬಾಯಿ, ಯಾರದೂ ಕಿವಿಯಲ್ಲ,
ಗಂಜಿನ ಹತ್ತಿ ಹರಾಜು.
ಅದಕ್ಕೊಂದು ಕಾಯಿದೆ ಬರೆದೆವು:
ಡಿಕ್ಕಿಯಾದರೆ ಸುಮ್ಮನಾಗು,
ದಾಳ ಬಿದ್ದಷ್ಟು ಹೊತ್ತು ಕಾಯಿ, ಮತ್ತೆ ಕೂಗು.

ಆದರೂ ಏನೋ ತಪ್ಪುತ್ತಿತ್ತು.
ಫರ್ಹಾನಾಳ ಪರದೆಯಲ್ಲಿ ನಾನು ಸಿಕ್ಕಿದ್ದೆ,
ನನ್ನದರಲ್ಲಿ ಅಗಸಿ ದಾಟಿದ್ದೆ.
ಮುಟ್ಟೀನಿ. ಇಲ್ಲ. ನೋಡು ಬೇಕಾದ್ರ.
ಇಬ್ಬರೂ ಪರದೆ ಚಾಚಿದೆವು,
ಎರಡೂ ಆಣೆ ಮಾಡಿ ಹೇಳುತ್ತಿದ್ದವು.
ಮೂರು ದಿನ ಅವಳು ಮಾತು ಬಿಟ್ಟಳು.
ನಾನು ಕೋಡಿನ ಸಾಲು ಸಾಲು ಹೇನು ಹೆಕ್ಕಿದೆ.
ನಾಗನಗೌಡ ಬೆಸುಗೆಯನ್ನು ಬೈದ, ಅಯ್ಯಾಳಪ್ಪ ಬಿಸಿಲನ್ನು.

ಮೂರನೆಯ ರಾತ್ರಿ, ರಾಜ ಕುದುರೆ ಹತ್ತಿ ಹೋದ, ಅಂದೆ.
ತಂಗಿ ಸುಮ್ಮನಿದ್ದಳು. ಕಾದೆ. ಬಿಟ್ಟೆ.
ಬಸಿ, ನಾಳೆ ನಿನ್ನ ಹಸಿರು ದುಪಟ್ಟಾ ನಾ ಹಾಕ್ಕೊಳ್ಳಲೇನು? ಅಂದೆ.
ಹ್ಞೂಂ.

ಬೆಳಿಗ್ಗೆ ಅಂಗಳದಲ್ಲಿ ರಣ.
ನಾ ಯಾವಾಗ ಹ್ಞೂಂ ಅಂದೆ?
ಕುದುರಿಗೆ ಅಂದೀನಿ, ದುಪಟ್ಟಾಕ್ಕಲ್ಲ!

ದುಪಟ್ಟಾ ಅವಳ ಕೈಗಿಟ್ಟು
ಹಲ್ಲು ಉಜ್ಜದೆ ಕೋಡು ತೆರೆದೆ.
ಅಲ್ಲೇ ಇತ್ತು. ತಡವಾಗಿ ಬಂದ ಹ್ಞೂಂ
ಮುಂದಿನ ಮಾತಿನ ಮಡಿಲಲ್ಲಿ ಬಿದ್ದು
ಅದರ ಮಗುವೇ ಆಗಿಬಿಡುತ್ತಿತ್ತು.
ಪ್ರತಿ ಮಾತಿಗೊಂದು ನಂಬರು ಹಾಕಿದೆ.
ನಂಬರು ಹೇಳದ ಹ್ಞೂಂ ಇನ್ನು ಹ್ಞೂಂ ಅಲ್ಲ.
ಫರ್ಹಾನಾಳ ಮನೆಗೆ ಹೋಗಿ ಹೇಳಿದೆ:
ನೀ ಮುಟ್ಟಿದ್ದು ಖರೆ. ನಾ ದಾಟಿದ್ದೂ ಖರೆ.
ಅವಳು ಮೊದಲನೆಯದನ್ನಷ್ಟೇ ಕೇಳಿಸಿಕೊಂಡಳು.

ಸಂಜೆ ಆಮ್ ತಲಾಬಿನ ಕಟ್ಟೆ.
ತಂತಿ ಮೊಳದುದ್ದ, ಹಾಗಾಗಿ ಮೊಣಕಾಲಿಗೆ ಮೊಣಕಾಲು,
ನಡುವೆ ಟೇಪು ಸುತ್ತಿದ ಗಂಟು,
ಪಕ್ಕದಲ್ಲಿ ಪೇಪರಿನಲ್ಲಿ ಆರುತ್ತಿರುವ ಮಿರ್ಚಿ.
ಖಾಸಿಂ ಚಾಚಾ ಮೊದಲ ಸುತ್ತಿನಲ್ಲೇ ಕಳ್ಳ.
ಕಟ್ಟೆಯ ಮೇಲೆ ಹೊರಟಿದ್ದ ಹಿರಿಯರೊಬ್ಬರು ನಿಂತು
ಬಗ್ಗಿದ ತಲೆಗಳನ್ನು, ಕ್ಯಾಲ್ಕುಲೇಟರನ್ನು ನೋಡಿ,
ಓದ್ರಪಾ ಓದ್ರಿ, ಕಣ್ಣಿಗೆ ಭಾಳ ತ್ರಾಸ ಕೊಡಬ್ಯಾಡ್ರಿ ಅಂದರು.

ಅಯ್ಯಾಳಪ್ಪ ತಲೆಯೆತ್ತದೆ ಹ್ಞೂಂ ಅಂದ.
ಅದು ಯಾವ ಮಾತಿನ ಹ್ಞೂಂ,
ನಂಬರು ಹೇಳಲಿಲ್ಲ.