ಐದು, ಐದು, ಐದು

ವಹಿಯಲ್ಲಿ ರಾತ್ರಿಯಿಡೀ ಒಂದೇ ಅಂಕಿ.
ಲೋಡ್ವಾರಿನಿಂದ ಬಂದ ಎಕಿಡೋರ್ ಸಾಹೇಬರು
ಕೆಂಪು ಶಾಯಿಯಲ್ಲಿ ಸುತ್ತು ಹಾಕಿದರು:
"ಮಲಗಿದ್ದು, ಬೆಳಿಗ್ಗೆ ತುಂಬಿದ್ದೀಯ, ಅಟಾಬೊ."

ನಾನು ಜಗಳವಾಡಲಿಲ್ಲ. ಕುರ್ಚಿ ಕೊಟ್ಟೆ.

ಸಂಜೆ ಆರೂವರೆ. ಚಾವಣಿಯ ಸೋಲಾರ್ ಹಲಗೆಗೆ
ಬಿಸಿಲು ಮುಗಿಯಿತು, ಮೋಟಾರು ಗಕ್ಕನೆ ನಿಂತಿತು.
ತುರ್ಕಾನಾ ಸರೋವರದ ಗಾಳಿಗೂ ಜ್ವರ.
ಪೆಟ್ಟಿಗೆಯೊಳಗೆ ದಡಾರದ ಲಸಿಕೆ, ನೂರಾ ನಲವತ್ತು ಸೀಸೆ;
ಸುತ್ತ ಗೋಡೆಯೊಳಗೆ
ಹಗಲೆಲ್ಲ ಹೆಪ್ಪುಗಟ್ಟಿದ ಮೇಣ.

"ಕರಗುತ್ತಿದೆ ತಾನೆ?" ಹತ್ತಕ್ಕೆ ಕೇಳಿದರು.
ಹೌದು ಸರ್.
"ಮತ್ತೆ ಮುಳ್ಳು ಯಾಕೆ ಅಲ್ಲಾಡುತ್ತಿಲ್ಲ?"
ಕರಗುತ್ತಿರುವುದಕ್ಕೇ, ಸರ್.
ಬಂದ ಬಿಸಿಯನ್ನೆಲ್ಲ ನುಂಗಿ ನುಂಗಿ
ಅದು ನೀರಾಗುತ್ತದೆ, ಬಿಸಿಯಾಗುವುದಿಲ್ಲ.
ಪುಸ್ತಕದಲ್ಲಿ ಇದಕ್ಕೆ ಗುಪ್ತೋಷ್ಣ ಅಂತ ಹೆಸರು.
ಆರು ಹೆತ್ತ ನನ್ನವ್ವನಿಗೆ ಪುಸ್ತಕ ಬೇಕಿರಲಿಲ್ಲ.

ಎರಡಕ್ಕೆ ಐದು. ಮೂರಕ್ಕೆ
ಸಾಹೇಬರ ಗೊರಕೆ, ಮತ್ತು ಐದು.

ನಸುಕಿನಲ್ಲಿ ಕೊನೆಯ ಚೂರೂ ಕರಗಿರಬೇಕು,
ಮುಳ್ಳು ಕೂದಲೆಳೆಯಷ್ಟು ಮೇಲೆದ್ದಿತು.
ಎಬ್ಬಿಸಲೇ ಅಂದುಕೊಂಡೆ.
ಅಷ್ಟರಲ್ಲಿ ನೀರಿನಾಚೆ ಸೂರ್ಯ,
ತಲೆಯ ಮೇಲೆ ಹಲಗೆ, ಗುರ್ರೆಂದಿತು ಮೋಟಾರು.

ವಹಿಯಲ್ಲಿ ಬರೆದೆ: ಐದೂಕಾಲು.

ಎದ್ದವರು ಕಣ್ಣುಜ್ಜಿ ಆ ಕಾಲನ್ನೇ ನೋಡಿದರು,
ರುಜು ಹಾಕಿದರು.
"ಈಗ ನಂಬಬಹುದು."